25ರ ಟೀಸಿ, ನಾಲ್ಕು ಮೋಟರು, ಪಿಯುಸಿ ಲೆಕ್ಕ

ಬದು, ಮುಚ್ಚಿಗೆ, ಗೊಬ್ಬರದ ವಿಷಯ ಸಾಕಷ್ಟು ಬರ್ದಾಗಿದೆ. ಇವತ್ತು ಕರೆಂಟಿನ ಲೆಕ್ಕ. ಸ್ವಲ್ಪ ಉದ್ದ ಆಗುತ್ತೆ, ರಾತ್ರಿ ಊಟ ಆದ್ಮೇಲೆ ಓದ್ಕೊಳ್ಳಿ.

ಬೇಸಿಗೆ ಬಂತು ಅಂದ್ರೆ ನಮ್ಮ ಕಡೆ ಒಂದೊಂದು ಟೀಸಿ ಕೆಳಗೂ ಒಂದೊಂದು ಜಗಳ. ನಮ್ಮ ಟೀಸಿ 25 ಕೆವಿಎದು. ಕೂರಿಸಿದಾಗ ಮೂರು ತೋಟ, ಮೂರು 5 ಎಚ್‌ಪಿ ಮೋಟರ್. ಬೋರು ಆಳಕ್ಕೆ ಹೋದಂಗೆ ಮೂರೂ 7.5 ಆದ್ವು. ಮೂರು ವರ್ಷದ ಹಿಂದೆ ನಾಲ್ಕನೇ ತೋಟದವರು ಬೋರು ಕೊರೆಸಿ ಅದೇ ಟೀಸಿಗೆ ಸೇರ್ಕೊಂಡ್ರು, ಅವರದ್ದೂ 7.5. ಅಲ್ಲಿಂದೀಚೆಗೆ ಲೈನಿನ ತುದೀಲಿರೋ ಅಜ್ಜನ ಮೋಟರ್ ಎರಡು ಸಲ ಕಾಯಿಲ್ ಕಟ್ಟಿಸ್ಕೊಂಡಿದೆ, ಟೀಸಿ ಒಂದು ಸಲ ಸುಟ್ಟಿದೆ. ಬೇರೆ ಟೀಸಿ ಬರೋವರೆಗೆ ಅಡಿಕೆ ಗಿಡ ಹೆಂಗೆ ಜೋತು ಬಿದ್ದಿದ್ವು ಅಂತ ನೋಡಿದವರಿಗೇ ಗೊತ್ತು. ಎಲ್ಲರ ಬಾಯಲ್ಲೂ ಒಂದೇ ಮಾತು: ನಾಲ್ಕನೆಯವನು ಬಂದ, ಟೀಸಿ ಕೆಡ್ತು. ಈ ಸಲ ಫೆಬ್ರವರೀಲಿ ಅದು ಮಾತಿಗೇ ನಿಲ್ಲಲಿಲ್ಲ. ಅವರ ವೈರು ಕಿತ್ತು ಹಾಕ್ತೀವಿ ಅನ್ನೋ ತನಕ ಹೋಯ್ತು. ಅವರ ಮನೆಗೂ ನಮ್ಮ ಮನೆಗೂ ಮದುವೆ ಮುಂಜಿ ಹೋಗಿ ಬರೋ ಬಳಕೆ ಇದೆ, ಅಷ್ಟು ಸುಲಭಕ್ಕೆ ಕಿತ್ತು ಹಾಕೋ ವಿಷಯ ಅಲ್ಲ ಅದು.

ಅದೇ ಹೊತ್ತಲ್ಲಿ ನನ್ನ ಮಗಳು ದ್ವಿತೀಯ ಪಿಯುಸಿ ಪರೀಕ್ಷೆಗೆ ಫಿಸಿಕ್ಸ್ ಓದ್ತಿದ್ಲು. ಪರ್ಯಾಯ ವಿದ್ಯುತ್ ಪ್ರವಾಹ ಅನ್ನೋ ಪಾಠ. ಲೆಕ್ಕ ಬಾಯಿಪಾಠ ಆಗಿತ್ತು, ಒಂದು ಬದಲಾಯಿಸಿ ಕೇಳಿದ್ರೆ ತಡವರಿಸೋಳು. ಹಂಗಾದ್ರೆ ಪುಸ್ತಕದ್ದು ಬೇಡ, ನಮ್ಮ ಟೀಸಿದೇ ಮಾಡು ಅಂದೆ. ನಾಲ್ಕು ರಾತ್ರಿ ಕೂತ್ವಿ.

ಮೊದಲು 230 ಅಂದ್ರೆ ಏನು ಅಂತ. ನಮ್ಮ ಪ್ಲಗ್ಗಲ್ಲಿ ಬರೋ ಕರೆಂಟು 230ರಲ್ಲಿ ನಿಂತಿರಲ್ಲ. ಸೊನ್ನೆಯಿಂದ 325ಕ್ಕೆ ಏರಿ, ವಾಪಸ್ ಸೊನ್ನೆಗೆ ಇಳಿದು, ಆ ಕಡೆ 325ಕ್ಕೆ ಹೋಗಿ ಬರುತ್ತೆ. ಹಿಂಗೆ ಸೆಕೆಂಡಿಗೆ 50 ಸುತ್ತು. ಅಂದ್ರೆ ಸೆಕೆಂಡಿಗೆ 100 ಸಲ ಸೊನ್ನೆ ಮುಟ್ಟುತ್ತೆ. ಬ್ಯಾಟರಿಯ 230 ಓಲ್ಟು ಒಂದು ಹೀಟರನ್ನ ಎಷ್ಟು ಕಾಯಿಸ್ತಿತ್ತೋ ಅಷ್ಟೇ ಕಾಯಿಸೋ ಏರಿಳಿತಕ್ಕೆ 230 ಅಂತ ಹೆಸರು. 230ನ್ನ 1.414ರಿಂದ ಗುಣಿಸಿದ್ರೆ 325. ಪುಸ್ತಕದಲ್ಲಿ ಆರ್‌ಎಂಎಸ್ ಅಂತಾರೆ. ಮೀಟರ್ ತೋರಿಸೋದು ಅದನ್ನೇ.

ಇನ್ನು ತ್ರೀ ಫೇಸ್. ಪಿಯುಸಿ ಪುಸ್ತಕ ಇದರ ಹತ್ರ ಜಾಸ್ತಿ ಹೋಗಲ್ಲ, ನಮಗೆ ಬೇಕಾಗಿರೋದೇ ಇದು. ಒಂದು ಒರಳಿಗೆ ಮೂರು ಜನ ಒನಕೆ ಹಾಕೋದು ನೆನಪು ಮಾಡ್ಕೊಳ್ಳಿ. ಮೂವರೂ ಒಟ್ಟಿಗೆ ಕುಟ್ಟಲ್ಲ, ಒಬ್ಬರದು ಇಳಿಯೋವಾಗ ಇನ್ನೊಬ್ಬರದು ಏರ್ತಿರುತ್ತೆ, ಮೂರನೆಯವರದು ನಡುವೆ. ಮೂರು ಫೇಸೂ ಹಂಗೆ, ಒಂದರ ಹಿಂದೆ ಒಂದು. ಅದಕ್ಕೇ ಫೇಸ್‌ಗೂ ನ್ಯೂಟ್ರಲ್‌ಗೂ 240 ಇದ್ರೆ ಎರಡು ಫೇಸ್ ನಡುವೆ 480 ಬರಲ್ಲ, 1.732ರಿಂದ ಗುಣಿಸಿ 415 ಬರುತ್ತೆ. ಆ ವರಸೆಯೇ ಮೋಟರ್ ಒಳಗೆ ಸುತ್ತೋ ಕಾಂತ ಹುಟ್ಟಿಸೋದು.

ಟೀಸಿಯ ಪ್ಲೇಟ್ ಫೋಟೋ ಮೊಬೈಲಲ್ಲಿ ಇತ್ತು. 25 ಕೆವಿಎ, 11000 ಬಾರ್ 433 ಓಲ್ಟು, ಇಂಪೀಡೆನ್ಸ್ 4.5 ಪರ್ಸೆಂಟ್. ಮಗಳು ತಟ್ಟನೆ 11000ನ್ನ 433ರಿಂದ ಭಾಗಿಸಿ ಸುತ್ತಿನ ಅನುಪಾತ 25.4 ಅಂತ ಬರೆದ್ಲು. ಒಂಟಿ ಫೇಸ್ ಆಗಿದ್ರೆ ಸರಿ. ನಮ್ಮ ಟೀಸೀಲಿ ಮೇಲಿನ ಕಡೆ ಡೆಲ್ಟಾ, ಕೆಳಗಿನ ಕಡೆ ಸ್ಟಾರ್. ಮೇಲಿನ ಒಂದೊಂದು ಕಾಯಿಲ್‌ಗೂ ಪೂರ್ತಿ 11000 ಸಿಗುತ್ತೆ, ಕೆಳಗಿನ ಒಂದು ಕಾಯಿಲ್ ಕೊಡೋದು ನ್ಯೂಟ್ರಲ್‌ಗೆ 250. ಹಂಗಾಗಿ ನಿಜವಾದ ಸುತ್ತು 44ಕ್ಕೆ 1. ಪ್ಲೇಟ್ ಮೇಲೆ 415 ಬಿಟ್ಟು 433 ಯಾಕೆ ಅಂದ್ರೆ, ಲೋಡ್ ಬಿದ್ದಾಗ ಟೀಸಿ ಒಳಗೂ ಲೈನಲ್ಲೂ ಇಳಿಯುತ್ತಲ್ಲ, ಆ ಇಳಿತ ಕಳೆದು ನಮಗೆ 415 ಸಿಗಲಿ ಅಂತ.

25 ಕೆವಿಎ ಅಂದ್ರೆ ಎಷ್ಟು ಆಂಪ್ಸು? 25000ನ್ನ 433ರಿಂದ, ಆಮೇಲೆ 1.732ರಿಂದ ಭಾಗಿಸಿ: ಒಂದೊಂದು ಫೇಸಿಗೆ 33 ಆಂಪ್ಸ್. ಮೇಲಿನ 11000 ಕಡೆ ಅದೇ ಲೆಕ್ಕ ಬರೀ 1.3 ಆಂಪ್ಸ್.

ಈಗ ಮೋಟರು. 7.5 ಎಚ್‌ಪಿ ಅಂದ್ರೆ ಸುಮಾರು 5600 ವ್ಯಾಟ್. ಇದು ಮೋಟರ್ ಹೊರಗೆ ಕೊಡೋದು, ತಗೊಳ್ಳೋದಲ್ಲ. ದಕ್ಷತೆ 80 ಪರ್ಸೆಂಟ್ ಅಂತ ಇಟ್ಕೊಂಡ್ರೆ ತಗೊಳ್ಳೋದು 7000 ವ್ಯಾಟ್. ಅಲ್ಲಿಗೂ ಮುಗಿಯಲ್ಲ, ಪವರ್ ಫ್ಯಾಕ್ಟರ್ ಅಂತ ಒಂದಿದೆ. ಉಳೋವಾಗ ಒಂದು ಎತ್ತು ಮಗ್ಗುಲಿಗೆ ಎಳೀತಾ ಇದ್ರೆ ನೇಗಿಲು ಅಷ್ಟು ಮುಂದಕ್ಕೆ ಹೋಗಲ್ಲ, ಆದ್ರೆ ನೊಗ, ಹಗ್ಗ, ಎತ್ತಿನ ಹೆಗಲು ಎಲ್ಲದಕ್ಕೂ ಪೂರ್ತಿ ಭಾರ ಬೀಳುತ್ತೆ. ಮೋಟರ್ ಒಳಗೆ ಕಾಂತ ಹುಟ್ಟಿಸೋಕೆ ಹೋಗಿ ಬರೋ ಕರೆಂಟು ಇಂಥದ್ದು. ನೀರು ಎತ್ತಲ್ಲ, ಟೀಸಿ ಮತ್ತೆ ವೈರು ಮಾತ್ರ ಅದನ್ನ ಹೊರಬೇಕು. ಪವರ್ ಫ್ಯಾಕ್ಟರ್ 0.8 ಅಂದ್ರೆ 7000 ವ್ಯಾಟಿಗೆ ಟೀಸಿ ಹೊರೋದು 8700 ಚಿಲ್ಲರೆ. ಅಂದ್ರೆ ಮೋಟರಿಗೆ 12 ಆಂಪ್ಸ್. ಟಾಂಗ್ ಟೆಸ್ಟರ್ ಹಾಕಿ ನೋಡಿದ್ರೆ ನಮ್ಮದು 12ರಿಂದ 13 ತೋರಿಸ್ತು, ಲೆಕ್ಕಕ್ಕೆ ಹತ್ರ ಹತ್ರ ಬಂತು.

ನಾಲ್ಕು ಮೋಟರಿಗೆ 35 ಕೆವಿಎ, 49 ಆಂಪ್ಸ್. ಟೀಸಿ ತಾಕತ್ತು 33. ಕಾಯಿಲ್ ಬಿಸಿ ಆಗೋದು ಆಂಪ್ಸಿನ ವರ್ಗದ ಲೆಕ್ಕದಲ್ಲಿ. ಒಂದೂವರೆಗೆ ಸ್ವಲ್ಪ ಕಮ್ಮಿ ಪಟ್ಟು ಕರೆಂಟು ಹೋದ್ರೆ ಬಿಸಿ ಎರಡು ಪಟ್ಟು ದಾಟುತ್ತೆ. ಟೀಸಿ ಸುಟ್ಟಿದ್ದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಇಲ್ಲಿಗೆ ಜಗಳದಲ್ಲಿ ಎಲ್ಲರೂ ಹೇಳ್ತಿದ್ದಿದ್ದೇ ಸರಿ ಆಯ್ತು ಅನ್ಕೊಂಡೆ. ಮಗಳು ಪೆನ್ನು ಬಿಡಲಿಲ್ಲ. "ಅಪ್ಪಾ, ಅವರ ಮೋಟರ್ ತೆಗೆದ್ರೂ 26 ಆಗುತ್ತಲ್ಲ?" ಅಂದ್ಲು. ಹೌದು. 8.7 ಮೂರು ಸಲ 26. ಹಳೇ 5 ಎಚ್‌ಪಿ ಮೂರು ಇದ್ದಾಗ 17.5. ಅಂದ್ರೆ ಮೂರೂ ತೋಟ 7.5ಕ್ಕೆ ಹೋದ ದಿನಾನೇ ಟೀಸಿ ತುಂಬಿ ಒಂದು ಹನಿ ಚೆಲ್ಲಿತ್ತು. ನಾಲ್ಕನೆಯವರು ಬಂದಿದ್ದು ತುಂಬಿದ ಕೊಡಕ್ಕೆ. ತಪ್ಪು ಪೂರ್ತಿ ಅವರದ್ದಲ್ಲ ಅನ್ನೋದನ್ನ ಮಾತಲ್ಲಿ ಹೇಳಿದ್ರೆ ಯಾರೂ ಕೇಳ್ತಿರಲಿಲ್ಲ. ಹಾಳೇಲಿ ಬರ್ದು ತಗೊಂಡೋಗಿದ್ದಕ್ಕೆ ಕೇಳಿದ್ರು.

ಈಗ ಕಂಡೆನ್ಸರ್ ವಿಷಯ. ನಮ್ಮಲ್ಲಿ ಕಂಡೆನ್ಸರ್ ಅಂದ್ರೆ ಸಿಂಗಲ್ ಫೇಸಲ್ಲಿ ಮೋಟರ್ ಓಡಿಸೋಕೆ ಅನ್ಕೊಂಡಿರೋರೇ ಜಾಸ್ತಿ. ಅದಲ್ಲ ನಾನು ಹೇಳ್ತಿರೋದು. ಮಗ್ಗುಲಿಗೆ ಎಳೆಯೋ ಎತ್ತಿನ ಎದುರು ಇನ್ನೊಂದು ಮಗ್ಗುಲಿಂದ ಎಳೆದು ಸಮ ಮಾಡೋದು ಕಂಡೆನ್ಸರ್ ಕೆಲಸ. ಮೋಟರಿಗೆ ಬೇಕಾದ ಕಾಂತದ ಕರೆಂಟನ್ನ ಟೀಸಿ ತನಕ ಹೋಗದೆ ಅದೇ ಪಕ್ಕದಲ್ಲಿ ಕೊಟ್ಟು ತಗೊಂಡು ಮಾಡ್ತಿರುತ್ತೆ. 0.8ನ್ನ 0.95ಕ್ಕೆ ತರಬೇಕು ಅಂದ್ರೆ ಎಷ್ಟು ಬೇಕು? 7000ಕ್ಕೆ 0.75 ಮೈನಸ್ 0.33, ಅಂದ್ರೆ 2.9 ಕೆವಿಎಆರ್. 7.5ರ ಮೋಟರಿಗೆ 3 ಕೆವಿಎಆರ್‌ದು ಹಾಕೋ ವಾಡಿಕೆ ಯಾಕೆ ಬಂತು ಅಂತ ಆಗ ತಿಳೀತು. ಒಳಗೆ ಡೆಲ್ಟಾದಲ್ಲಿ ಮೂರು ಇರ್ತವೆ, ಒಂದೊಂದು 1 ಕೆವಿಎಆರ್. 415ರ ವರ್ಗವನ್ನ 1000ದಿಂದ ಭಾಗಿಸಿದ್ರೆ 172 ಓಮ್, ಅದರಿಂದ 18.5 ಮೈಕ್ರೋಫ್ಯಾರಡ್. ಈ ಲೆಕ್ಕ ಮಗಳು ಒಂದೇ ಉಸಿರಿಗೆ ಮಾಡಿದ್ಲು, ಅದು ಅವಳ ಪುಸ್ತಕದ್ದೇ.

ಕಂಡೆನ್ಸರ್ ಹಾಕಿದ್ರೆ ಮೋಟರಿಗೆ 8.7 ಬದಲು 7.4 ಕೆವಿಎ. ನಾಲ್ಕಕ್ಕೆ 29.4, ಇನ್ನೂ ಜಾಸ್ತಿನೇ. ಮೂರಕ್ಕೆ 22. ಇದೊಂದು ಅಂಕಿ ನೋಡಿ. ಕಂಡೆನ್ಸರ್ ಇಲ್ಲದೆ ಮೂರು ಓಡಿಸಿದ್ರೂ ಟೀಸಿ ಮೀರುತ್ತೆ, ಇದ್ದು ಮೂರು ಓಡಿಸಿದ್ರೆ ಕೈಯಲ್ಲಿ 3 ಕೆವಿಎ ಉಳಿಯುತ್ತೆ. 10 ಎಚ್‌ಪಿ ತನಕ ನಮಗೆ ಬಿಲ್ಲಿಲ್ಲ, ಅದಕ್ಕೇ ಕಂಡೆನ್ಸರ್ ಯಾರಿಗೂ ಬೇಕಾಗಿಲ್ಲ. ದುಡ್ಡು ಉಳಿಯಲ್ಲ ಅಂತ ಬಿಟ್ವಿ, ಟೀಸಿ ಉಳಿಯುತ್ತೆ ಅಂತ ಯಾರೂ ನೋಡಲಿಲ್ಲ. ಹಾಕೋರು ಎರಡು ವಿಷಯ ನೆನಪಿಟ್ಕೊಳ್ಳಿ. ಸ್ಟಾರ್ಟರಿನ ಮೋಟರ್ ಕಡೆಗೆ ಹಾಕಿಸಿ, ಮೋಟರ್ ಜೊತೆಗೇ ಆನ್ ಆಗಿ ಆಫ್ ಆಗಬೇಕು. ಆಫ್ ಮಾಡಿದ ತಕ್ಷಣ ಅದನ್ನ ಮುಟ್ಟಬೇಡಿ, ಒಳಗೆ ಕರೆಂಟ್ ಹಿಡ್ಕೊಂಡಿರುತ್ತೆ. ಇನ್ನೊಂದು, ಬೋರೊಳಗೆ ಇಳಿದಿರೋ ಕೇಬಲ್ಲಿನ ಆಂಪ್ಸ್ ಇದರಿಂದ ಕಮ್ಮಿ ಆಗಲ್ಲ. ಕಂಡೆನ್ಸರ್‌ನಿಂದ ಟೀಸಿ ಕಡೆಗಿನ ಲೈನಿಗಷ್ಟೇ ಉಪಕಾರ.

ಲೈನ್ ಅಂದಾಗ ಅಜ್ಜನ ಮೋಟರ್ ಯಾಕೆ ಸುಟ್ಟಿದ್ದು ಅನ್ನೋದೂ ಬರುತ್ತೆ. ಅವರ ತೋಟ ಟೀಸಿಯಿಂದ ಸುಮಾರು 600 ಮೀಟರ್. ಕಿಲೋಮೀಟರಿಗೆ 1 ಓಮ್ ಇರೋ ತಂತಿ ಅಂತ ಇಟ್ಕೊಳ್ಳಿ, 600 ಮೀಟರಿಗೆ 0.6. 49 ಆಂಪ್ಸ್ ಅಷ್ಟು ದೂರ ಹೋಯ್ತು ಅಂದ್ರೆ ಎರಡು ಫೇಸ್ ನಡುವೆ 40 ಓಲ್ಟಿನಷ್ಟು ದಾರೀಲೇ ಹೋಗುತ್ತೆ. ಟೀಸಿ ಒಳಗಿನ ಇಳಿತ ಬೇರೆ. 433 ಹೊರಟಿದ್ದು ಅಜ್ಜನ ಹತ್ರ ಬರೋಷ್ಟರಲ್ಲಿ 365. ಅವರ ಸ್ಟಾರ್ಟರ್ ಮೀಟರಲ್ಲಿ ಕಾಣ್ತಿದ್ದಿದ್ದೂ ಅಷ್ಟೇ. ಓಲ್ಟೇಜ್ ಇಳಿದ್ರೆ ಮೋಟರ್ ಅದೇ ನೀರು ಎತ್ತೋಕೆ ಜಾಸ್ತಿ ಆಂಪ್ಸ್ ಎಳೆಯುತ್ತೆ, ಕಾಯಿಲ್ ಕಾಯುತ್ತೆ.

ಎಲ್‌ಟಿ ಲೈನ್ ಉದ್ದ ಎಳೆಯೋದು ಎಂಥ ನಷ್ಟ ಅಂತ ಇನ್ನೊಂದು ಲೆಕ್ಕ. ಇದೇ 25 ಕೆವಿಎನ ಅದೇ ತಂತೀಲಿ 1 ಕಿಲೋಮೀಟರ್ ಕಳಿಸಬೇಕು. 433ರಲ್ಲಿ ಕಳಿಸಿದ್ರೆ ಮೂರು ತಂತಿ ಸೇರಿ 3300 ವ್ಯಾಟ್ ಬಿಸಿಯಾಗಿ ಹೋಗುತ್ತೆ. 11000ದಲ್ಲಿ ಕಳಿಸಿದ್ರೆ 5 ವ್ಯಾಟ್, ಒಂದು ಸಣ್ಣ ಎಲ್‌ಇಡಿ ಬಲ್ಬಿನಷ್ಟು. ಟ್ರಾನ್ಸ್‌ಫಾರ್ಮರ್ ಅನ್ನೋದು ಹುಟ್ಟಿದ್ದಕ್ಕೆ ಸಾರ್ಥಕ ಇಲ್ಲೇ ಇರೋದು. 1902ರಲ್ಲಿ ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿಗೆ ಹೋಗಿದ್ದು ಹಿಂಗೇ, ಹತ್ತಾರು ಸಾವಿರ ಓಲ್ಟಿಗೆ ಏರಿಸಿ, ಸುಮಾರು 150 ಕಿಲೋಮೀಟರ್. ಹಂಗಾಗಿ ಟೀಸಿ ಕೇಳೋರು ದೊಡ್ಡದು ಬೇಕು ಅನ್ನೋದರ ಜೊತೆಗೆ ಹತ್ರಕ್ಕೆ ಬೇಕು ಅಂತಲೂ ಕೇಳಿ.

ಇಷ್ಟೂ ಓಡ್ತಿರೋವಾಗಿನ ಕಥೆ. ಶುರುವಾಗೋವಾಗಿನದ್ದು ಇನ್ನೂ ಕೆಟ್ಟದ್ದು. ನಾಲ್ಕೂ ಕಡೆ ಆಟೋ ಸ್ಟಾರ್ಟರ್. ತ್ರೀ ಫೇಸ್ ಬಂದ ಕೂಡ್ಲೇ ನಾಲ್ಕೂ ಒಟ್ಟಿಗೆ ಎದ್ದೇಳ್ತವೆ. ನೇರ ಸ್ಟಾರ್ಟ್ ಆಗೋ ಮೋಟರ್ ಮೊದಲ ಗಳಿಗೇಲಿ ಆರು ಪಟ್ಟು ಎಳೆಯುತ್ತೆ ಅಂದ್ರೆ 72 ಆಂಪ್ಸ್. ನಾಲ್ಕಕ್ಕೆ 288, 33ರ ಟೀಸಿ ಮೇಲೆ. ಆ 4.5 ಪರ್ಸೆಂಟ್ ಇಂಪೀಡೆನ್ಸ್ ಕೆಲಸಕ್ಕೆ ಬರೋದು ಇಲ್ಲಿ. ಲೆಕ್ಕ ಹಾಕಿದ್ರೆ ಟೀಸಿ ಬುಡದಲ್ಲೇ ಓಲ್ಟೇಜು 72 ಪರ್ಸೆಂಟಿಗೆ, ಅಂದ್ರೆ 310ಕ್ಕೆ ಕುಸಿಯುತ್ತೆ. ಮೋಟರಿನ ತಿರುಗಿಸೋ ಬಲ ಓಲ್ಟೇಜಿನ ವರ್ಗದ ಲೆಕ್ಕ, ಅದು ಅರ್ಧ ಆಯ್ತು. ಅರ್ಧ ಬಲದಲ್ಲಿ ಏಳೋಕೆ ಒದ್ದಾಡ್ತಾ ಸ್ಟಾರ್ಟಿನ ಜಾಸ್ತಿ ಕರೆಂಟನ್ನ ಇನ್ನಷ್ಟು ಹೊತ್ತು ಎಳೀತಾ ಇರ್ತವೆ. ಒಂದೇ ಮೋಟರ್ ಎದ್ರೆ ಓಲ್ಟೇಜು 91 ಪರ್ಸೆಂಟ್ ಇರುತ್ತೆ, ಬಲ 83. ಒಂದೇ ಟೀಸಿ, ಅದೇ ಮೋಟರ್, ಒಂದೊಂದು ನಿಮಿಷ ಬಿಟ್ಟು ಎದ್ದಿದ್ದಕ್ಕೆ ಇಷ್ಟು ವ್ಯತ್ಯಾಸ. ಈಗ ಟೈಮರ್ ಹಾಕಿಸಿದ್ದೀವಿ, ತುದಿಯ ಅಜ್ಜನದು ಮೊದಲು, ಟೀಸಿ ಬುಡದಲ್ಲಿರೋ ನಮ್ಮದು ಕೊನೇಲಿ.

ಮಧ್ಯೆ ಒಂದು ರಾತ್ರಿ ಡಯೋಡು. ರೆಕ್ಟಿಫಿಕೇಶನ್ ಲೆಕ್ಕ. ನಮ್ಮ ಸ್ಪ್ರೇಯರ್ ಬ್ಯಾಟರಿ 12 ಓಲ್ಟು, ಹಳೇ ಚಾರ್ಜರ್ ಬಿಚ್ಚಿದ್ರೆ ಒಳಗಿನ ಪುಟ್ಟ ಟ್ರಾನ್ಸ್‌ಫಾರ್ಮರ್ ಮೇಲೂ 12 ಅಂತಲೇ ಇದೆ. 12ರ ಬ್ಯಾಟರಿ ತುಂಬೋಕೆ 14ರಷ್ಟು ಬೇಕು, 12ರಿಂದ ಹೆಂಗೆ ತುಂಬುತ್ತೆ ಅಂತ ಪಕ್ಕದ ತೋಟದ ಹುಡುಗ ಕೇಳಿದ್ದ. ಒಳ್ಳೇ ಪ್ರಶ್ನೆ. ಮೊದಲೇ ಹೇಳಿದ್ನಲ್ಲ, 12 ಅನ್ನೋದು ಆರ್‌ಎಂಎಸ್. ತುದಿ 17. ನಾಲ್ಕು ಡಯೋಡಿನ ಬ್ರಿಡ್ಜಲ್ಲಿ ಒಂದು ಸಲಕ್ಕೆ ಎರಡು ದಾಟಬೇಕು, 1.4 ಸುಂಕ. ಉಳಿಯೋದು 15.6. ಬ್ಯಾಟರಿ 13ರಲ್ಲಿದ್ರೆ ಏರಿಳಿತ 14.4 ದಾಟಿದಾಗ ಮಾತ್ರ ಡಯೋಡು ಬಾಗಿಲು ತೆಗೆಯುತ್ತೆ. ಅರ್ಧ ಸುತ್ತಿನ 10 ಮಿಲಿಸೆಕೆಂಡಲ್ಲಿ ಬಾಗಿಲು ತೆಗೆದಿರೋದು ಮೂರೂವರೆ. ಸೆಕೆಂಡಿಗೆ 100 ಸಲ ಹಿಂಗೆ ಗುಟುಕು ಗುಟುಕಾಗಿ ಕುಡಿಯುತ್ತೆ ಬ್ಯಾಟರಿ. ಒಂದು ಡಯೋಡು ತೆರೆದು ಹೋದ್ರೆ ಅರ್ಧ ಗುಟುಕು ಖೋತಾ, 50 ಸಲ ಅಷ್ಟೇ. ರಾತ್ರಿಯೆಲ್ಲಾ ಚಾರ್ಜಿಗೆ ಹಾಕಿದ್ರೂ ಬೆಳಗ್ಗೆ ಎರಡು ಕ್ಯಾನಿಗೇ ನಿಲ್ಲುತ್ತೆ ಅಂದ್ರೆ ಬ್ಯಾಟರಿ ಬೈಯೋ ಮುಂಚೆ ಚಾರ್ಜರಿನ ಡಯೋಡು ನೋಡಿಸಿ.

ಕೊನೇ ಲೆಕ್ಕ ಎಲ್ಲರಿಗೂ ಬೇಕಾಗಿದ್ದು, ಡಿಓ ಫ್ಯೂಸ್ ಹೋದಾಗಿನದ್ದು. 11000ದ ಕಡೆ ಒಂದು ಫ್ಯೂಸ್ ಹಾರಿದ್ರೆ ಡೆಲ್ಟಾದ ಎರಡು ಕಾಯಿಲ್ ಒಂದರ ಬೆನ್ನಿಗೆ ಒಂದು ಸೇರಿ ಇರೋ ಓಲ್ಟೇಜನ್ನ ಹಂಚ್ಕೊಳ್ತವೆ. ಮೂರನೇದಕ್ಕೆ ಪೂರ್ತಿ ಸಿಗುತ್ತೆ. ಕೆಳಗಡೆ ನ್ಯೂಟ್ರಲ್‌ಗೆ ನೋಡಿದ್ರೆ ಒಂದು ಫೇಸ್ 250, ಇನ್ನೆರಡು 125ರ ಆಸುಪಾಸು. ಪಂಪ್‌ಹೌಸಲ್ಲಿ ಒಂದು ಬಲ್ಬು ಚೆನ್ನಾಗಿ ಉರಿದು ಎರಡು ಮಿಣುಕ್ತಿದ್ರೆ ಹೋಗಿರೋದು ಮೇಲಿನ ಫ್ಯೂಸು. ಒಂದು ಪೂರ್ತಿ ಸತ್ತು ಎರಡು ಚೆನ್ನಾಗಿ ಉರೀತಿದ್ರೆ ಕೆಳಗಿನ ಫ್ಯೂಸು. ಮೋಟರ್ ಎಲ್ಲಾ ಆಫ್ ಇದ್ದಾಗ ನೋಡಬೇಕು, ಇಲ್ಲಾಂದ್ರೆ ಓಡೋ ಮೋಟರೇ ಸತ್ತ ಫೇಸಿಗೆ ಸ್ವಲ್ಪ ಜೀವ ಕೊಟ್ಟು ದಾರಿ ತಪ್ಪಿಸುತ್ತೆ.

ಇದರಲ್ಲಿ ಒಂದು ಮೋಸ ಇದೆ. ಮೇಲಿನ ಫ್ಯೂಸ್ ಹೋದಾಗ ಆ ಎರಡು ಅರ್ಧಗಳು ಪೂರ್ತಿ ಫೇಸಿಗೆ ಉಲ್ಟಾ ಇರ್ತವೆ. ಹಂಗಾಗಿ ಪೂರ್ತಿ ಫೇಸಿಗೂ ಅರ್ಧ ಫೇಸಿಗೂ ನಡುವೆ ಮೀಟರ್ ಇಟ್ರೆ 375 ತೋರಿಸುತ್ತೆ! ಸ್ಟಾರ್ಟರಲ್ಲಿರೋ ಓಲ್ಟ್‌ಮೀಟರ್ ಆ ಎರಡರ ಮೇಲಿದ್ರೆ, ಇವತ್ತು ಸ್ವಲ್ಪ ಲೋ ಇದೆ ಅಂತ ನಾವು ಬಟನ್ ಒತ್ತುತೀವಿ. ಎರಡು ಅರ್ಧ ಫೇಸುಗಳ ನಡುವೆ ನೋಡಿದ್ರೆ ಸೊನ್ನೆ. ಒಂದು ಒನಕೆ ಏರೋವಾಗ ಇನ್ನೆರಡೂ ಒಟ್ಟಿಗೇ ಇಳೀತಿವೆ, ವರಸೆ ಹೋಗಿದೆ, ಸುತ್ತೋ ಕಾಂತ ಹುಟ್ಟಲ್ಲ. ಮೋಟರ್ ಗುಂಯ್ ಅಂತ ಅಲ್ಲೇ ಬೇಯುತ್ತೆ. ಅದಕ್ಕೇ ಮೂರೂ ಜೋಡಿ ನೋಡಿ, ಸಿಂಗಲ್ ಫೇಸ್ ಪ್ರಿವೆಂಟರ್ ಬೈಪಾಸ್ ಮಾಡಬೇಡಿ. ಟೀಸಿ ಕಂಬಕ್ಕೆ ನೀವು ಕೈ ಹಾಕಬೇಡಿ. ಲೈನ್‌ಮ್ಯಾನಿಗೆ ಫೋನ್ ಮಾಡಿ, "ಒಂದು ಫುಲ್ಲು, ಎರಡು ಅರ್ಧ" ಅಂತ ಹೇಳಿ, ಮೇಲಿನ ಫ್ಯೂಸ್ ವೈರ್ ಹಿಡ್ಕೊಂಡೇ ಬರ್ತಾರೆ.

ಇನ್ನು ಜಗಳ ಏನಾಯ್ತು ಅಂತ. ಹಾಳೆ ತಗೊಂಡೋಗಿ ಅಜ್ಜನ ಮನೆ ಜಗಲಿ ಮೇಲೆ ನಾಲ್ಕೂ ಮನೆಯವರು ಕೂತ್ವಿ. ನಾಲ್ಕಕ್ಕೂ ಕಂಡೆನ್ಸರ್, ಒಂದು ಹೊತ್ತಿಗೆ ಮೂರೇ ಮೋಟರು. ತ್ರೀ ಫೇಸ್ ಏಳು ಗಂಟೆ ಬಂದ್ರೆ ಒಂದೂ ಮುಕ್ಕಾಲು ಗಂಟೆಯ ನಾಲ್ಕು ಪಾಳಿ, ಒಂದೊಂದು ಪಾಳಿ ಒಬ್ಬರು ಬಿಡಬೇಕು. ಎಲ್ಲರಿಗೂ ಐದೂಕಾಲು ಗಂಟೆ. ಕೆಳಗಿನ ತೋಟದ ಅಣ್ಣ, "ಮೊದಲೇ ಬಂದೋರು ನಾವ್ಯಾಕಪ್ಪ ಬಿಡಬೇಕು" ಅಂದ್ರು. ಅವರ ಮಾತಲ್ಲೂ ನ್ಯಾಯ ಇದೆ, ಇಲ್ಲ ಅನ್ನಲ್ಲ. ಅಜ್ಜನೇ, "ಏಳು ಗಂಟೆ ಕರೆಂಟಿದ್ದು ಮೋಟರ್ ಸುಟ್ಕೊಂಡೋನು ನಾನು ಕಣಪ್ಪ, ಐದು ಗಂಟೆ ನೀರು ಬಂದ್ರೆ ಸಾಕು" ಅಂದಿದ್ದಕ್ಕೆ ಸುಮ್ಮನಾದ್ರು. ನಾಲ್ಕನೇ ತೋಟದವರು ಮಾರನೇ ದಿನಾನೇ ಕಂಡೆನ್ಸರ್ ತಂದ್ರು, ಅಣ್ಣ ಇನ್ನೂ ತರ್ತಾ ಇದ್ದಾರೆ. ಈಗ ಅಜ್ಜನ ಮೀಟರ್ 390ರ ಆಸುಪಾಸು ನಿಲ್ಲುತ್ತೆ. ಕರೆಂಟ್ ನಡುವೆ ಹೋಗಿ ಬಂದ್ರೆ ಪಾಳಿ ಯಾರದ್ದು ಅನ್ನೋ ತಕರಾರು ಮುಗಿದಿಲ್ಲ. ಸದ್ಯಕ್ಕೆ ಹೋದಾಗ ಬಿಟ್ಟಿದ್ದವರೇ ಬಂದಾಗಲೂ ಬಿಡೋದು ಅಂತ ಇದೆ.

63 ಕೆವಿಎಗೆ ಅರ್ಜಿ ಕೊಟ್ಟಿದ್ದೀವಿ, ಜೊತೆಗೆ ಆ ಲೆಕ್ಕದ ಹಾಳೆ. 63 ಬಂದ್ರೆ ಫೇಸಿಗೆ 84 ಆಂಪ್ಸ್, ನಾಲ್ಕೂ ಒಟ್ಟಿಗೆ ಓಡಬಹುದು. ಯಾವಾಗ ಬರುತ್ತೋ ನೋಡೋಣ.

ನಿಮ್ಮ ಟೀಸಿ ಲೆಕ್ಕ ಬೇಕಿದ್ರೆ ಪ್ಲೇಟಿನ ಫೋಟೋ, ಯಾರ್ಯಾರದ್ದು ಎಷ್ಟು ಎಚ್‌ಪಿ, ತುದಿಯ ತೋಟ ಎಷ್ಟು ದೂರ, ಮೂರೂ ಜೋಡಿ ಓಲ್ಟೇಜು, ಇಷ್ಟು ಬರ್ಕೊಂಡು ಸಂತೆ ದಿನ ಸಿಗಿ. ಪ್ಲೇಟ್ ಫೋಟೋ ಕೆಳಗಿಂದಲೇ ಝೂಮ್ ಮಾಡಿ ತೆಗೀರಿ, ಕಂಬ ಹತ್ತಬೇಡಿ. ಮಗಳಿಗೆ ಪರೀಕ್ಷೆ ಇದೆ, ಅಲ್ಲೀವರೆಗೆ ನಾನೇ ಮಾಡ್ಕೊಡ್ತೀನಿ.